ಒಂದೇ ಕರಡಿ ಡಬ್ಬಿ, ಎಂಟು ದಿನದ ಊಟ

ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳ ಉದ್ದದ ಕಾಲ್ದಾರಿ ಜಾನ್ ಮ್ಯೂರ್ ಟ್ರೇಲ್‌ನಲ್ಲಿ ಮ್ಯೂರ್ ಟ್ರೇಲ್ ರ‍್ಯಾಂಚ್ ಎಂಬ ತಂಗುದಾಣ ಬಿಟ್ಟ ಮೇಲೆ ದಾರಿ ಮುಗಿಯುವ ಮೌಂಟ್ ವಿಟ್ನಿವರೆಗೆ ಊಟದ ಸಾಮಾನಿಗಾಗಿ ಎಲ್ಲೂ ಕೆಳಗಿಳಿಯುವುದಿಲ್ಲ ಅಂದಾಗ ಜೊತೆಯವರು ನಕ್ಕಿದ್ದರು. "ಬಿವಿ500 ಡಬ್ಬಿಯಲ್ಲಿ ಆರು ದಿನದ್ದು ಹಿಡಿದರೆ ಹೆಚ್ಚು. ಕಿಯರ್‌ಸಾರ್ಜ್ ಪಾಸ್ ದಾಟಿ ಊರಿಗೆ ಇಳಿಯಲೇಬೇಕು" ಅಂದರು. ಬಿವಿ500 ಅಂದರೆ ಬೇರ್‌ವಾಲ್ಟ್ ಕಂಪನಿಯ, ಕರಡಿ ತೆಗೆಯಬಾರದು ಅಂತ ಮಾಡಿದ ಗಟ್ಟಿ ಪ್ಲಾಸ್ಟಿಕ್ಕಿನ ಊಟದ ಡಬ್ಬಿ. ಅದರಲ್ಲಿ ಎಂಟು ದಿನದ್ದು ಹಿಡಿಯಿತು. ಮುಚ್ಚಳವೂ ಕೂತಿತು.

ಹಠಕ್ಕೆ ಕಾರಣ ದುಡ್ಡು. ಕಿಯರ್‌ಸಾರ್ಜ್ ಕಡೆ ಇಳಿದರೆ ಗಾಡಿ, ರೂಮು, ಹೊಟ್ಟೆ ತುಂಬ ಊಟ ಎಲ್ಲ ಸೇರಿ ಇನ್ನೂರೈವತ್ತು ಡಾಲರ್ ಹೋಗುತ್ತದೆ. ಹೆಚ್ಚುಕಮ್ಮಿ ಎರಡು ದಿನವೂ ಹೋಗುತ್ತದೆ. ಕಾರ್ಬನ್ ಫೈಬರ್‌ನ ಬೇರಿಕೇಡ್‌ನಲ್ಲಿ ದೊಡ್ಡ ಸೈಜಿನ ಡಬ್ಬಿ ಸಿಗುತ್ತದೆ, ಹಗುರವೂ ಹೌದು. ಆದರೆ ಬೆಲೆ 300 ಡಾಲರ್ ದಾಟುತ್ತದೆ. ನನ್ನ ಬಿವಿ500ಗೆ ಕೊಟ್ಟಿದ್ದು ತೊಂಬತ್ತರ ಆಸುಪಾಸು. 11.5 ಲೀಟರ್, ಖಾಲಿ ತೂಕ ಒಂದು ಕಿಲೋ ಚಿಲ್ಲರೆ.

ಊಟದ ಚೀಲವನ್ನು ಮರಕ್ಕೆ ಹಗ್ಗ ಕಟ್ಟಿ ತೂಗುಹಾಕಿದರೆ ಸಾಲದಾ ಅನ್ನುವವರು ಈಗಲೂ ಇದ್ದಾರೆ. ಸಿಯೆರಾದ ಕಪ್ಪು ಕರಡಿಗೆ ಹಗ್ಗದ ಇನ್ನೊಂದು ತುದಿ ಎಲ್ಲಿದೆ ಅಂತ ಗೊತ್ತು. ಅಲ್ಲೇ ಕಚ್ಚಿ ಕಡಿಯುತ್ತದೆ. ತೆಳು ಕೊಂಬೆಯಾದರೆ ಮರಿಯನ್ನು ಹತ್ತಿಸುತ್ತದೆ. ಯೊಸೆಮಿಟಿ ಕಾಡಿನಲ್ಲಂತೂ ಡಬ್ಬಿ ಕಡ್ಡಾಯ. ಗಟ್ಟಿ ಬಟ್ಟೆಯ ಕರಡಿ-ಚೀಲ ಉರ್ಸಾಕ್ ಅಲ್ಲಿ ನಡೆಯುವುದಿಲ್ಲ.

ಮೊದಲು ರೆಡಿಮೇಡ್ ಫ್ರೀಜ್-ಡ್ರೈ (ಹೆಪ್ಪುಗಟ್ಟಿಸಿ ಒಣಗಿಸಿದ) ಊಟದ ಪೊಟ್ಟಣಗಳನ್ನು ಹಾಗೇ ತುರುಕಿ ನೋಡಿದೆ. ಮೂರು ದಿನಕ್ಕೆ ಡಬ್ಬಿ ಫುಲ್. ಒಳಗೆ ಇದ್ದಿದ್ದು ಬರೀ ಗಾಳಿ. ಒಡೆದು ಜಿಪ್ ಕವರಿಗೆ ಹಾಕಿದರೆ ಐದು ದಿನ. ಆಮೇಲೆ ವ್ಯಾಕ್ಯೂಮ್ ಮೆಷಿನ್ ಕೊಂಡೆ. ಆ ಎಪ್ಪತ್ತು ಡಾಲರ್ ದಂಡ. ಗಾಳಿ ತೆಗೆದ ಪೊಟ್ಟಣ ಇಟ್ಟಿಗೆಯಷ್ಟು ಗಟ್ಟಿ. ದುಂಡು ಡಬ್ಬಿಯೊಳಗೆ ಇಟ್ಟಿಗೆ ಜೋಡಿಸಿದರೆ ಸುತ್ತ ಸಂದು ಉಳಿಯುತ್ತದೆ, ಅಲ್ವಾ? ಆಲಿವ್ ಎಣ್ಣೆಯದು ಬೇರೆ ಕತೆ. ಎತ್ತರಕ್ಕೆ ಹೋದಂತೆ ಬಾಟಲಿಯ ಗಾಳಿ ಹಿಗ್ಗಿ ಎಣ್ಣೆ ಸೋರಿತು. ಈಗ ಕುತ್ತಿಗೆವರೆಗೂ ತುಂಬುತ್ತೇನೆ.

ಕೊನೆಗೆ ಗೆದ್ದಿದ್ದು ಪುಡಿ ಮಾಡುವ ದಾರಿ. ನೂಡಲ್ಸ್, ಚಿಪ್ಸ್, ಬಿಸ್ಕತ್ತು ಎಲ್ಲ ಪುಡಿ. ಸಡಿಲ ಕವರಿನಲ್ಲಿ ಹಾಕಿ ಗಾಳಿ ಒತ್ತಿ ತೆಗೆದರೆ ಅದು ಸಂದಿಗೆಲ್ಲ ಇಳಿಯುತ್ತದೆ. ಟೋರ್ಟಿಯಾ ರೊಟ್ಟಿಯನ್ನು ಡಬ್ಬಿಯ ಗೋಡೆಗೆ ಒತ್ತಿ ಬಾಗಿಸಿ ಇಡುತ್ತೇನೆ. ದಿನಕ್ಕೆ 650-700 ಗ್ರಾಂ. ಒಟ್ಟು ಊಟದ ಸರಾಸರಿ ಗ್ರಾಮಿಗೆ ನಾಲ್ಕೂವರೆ ಕ್ಯಾಲೊರಿಗಿಂತ ಕೆಳಗಿಳಿಯುವ ಹಾಗಿಲ್ಲ. ಕಡಲೆಕಾಯಿ ಬೆಣ್ಣೆ, ಗೋಡಂಬಿ, ಎಣ್ಣೆ ಇಲ್ಲದೆ ಈ ಲೆಕ್ಕ ಕೂರುವುದಿಲ್ಲ.

ಮೊದಲ ದಿನದ ಊಟ ಹೊರಗೆ. ಕತ್ತಲಾಗುವುದರೊಳಗೆ ಅದು ಹೊಟ್ಟೆಯಲ್ಲಿರಬೇಕು. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಲಿಪ್ ಬಾಮ್, ಕಸ, ವಾಸನೆ ಬರುವ ಇವಕ್ಕೂ ಮೊದಲೇ ಜಾಗ ಬಿಡಬೇಕು. ಎಲ್ಲರ ಲೆಕ್ಕ ತಪ್ಪುವುದು ಇಲ್ಲೇ. ಮುಚ್ಚಳದ ಕೆಳಗಿನ ಕೊನೆಯ ಎರಡು ಇಂಚಿಗೆ ಏನು ಹಾಕುತ್ತೇನೆ ಅನ್ನುವುದು ಮಾತ್ರ ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ವಾಸನೆ ತಡೆಯುವ ಚೀಲದ ಪರೀಕ್ಷೆಯೂ ನಡೆಯಿತು. ಮನೆಯಲ್ಲಿ ಗಿಣ್ಣು ಹಾಕಿ ಸೀಲ್ ಮಾಡಿ, ಮೂರು ಪೆಟ್ಟಿಗೆಗಳಲ್ಲಿ ಒಂದರೊಳಗೆ ಅಡಗಿಸಿಟ್ಟೆ. ನಾಯಿ ನೇರ ಅದರ ಮುಂದೆ ಹೋಗಿ ಕೂತಿತು. ನಾಯಿಯ ಮೂಗನ್ನೇ ತಡೆಯದ್ದು ಕರಡಿಯ ಮೂಗನ್ನು ತಡೆಯುತ್ತದಾ? ಅದರ ಬದಲು ಸಂಜೆ ನಾಲ್ಕೈದಕ್ಕೇ ಅಡುಗೆ ಮುಗಿಸಿ, ಇನ್ನೊಂದೆರಡು ಗಂಟೆ ನಡೆದು ಬೇರೆ ಕಡೆ ಟೆಂಟ್ ಹಾಕುವುದು ಪುಕ್ಕಟೆ ಉಪಾಯ.

ಡಬ್ಬಿ ಟೆಂಟಿನಿಂದ 30 ಮೀಟರ್ ದೂರ, ಸಮತಟ್ಟು ನೆಲದ ಮೇಲೆ. ನೀರು, ಪ್ರಪಾತ ಹತ್ತಿರ ಇರಬಾರದು. ಹಗ್ಗ ಕಟ್ಟಬಾರದು, ಕಟ್ಟಿದರೆ ಕರಡಿಗೆ ಎಳೆದುಕೊಂಡು ಹೋಗಲು ಹಿಡಿ ಕೊಟ್ಟಂತೆ. ಹೊಳೆಯುವ ಟೇಪ್ ಅಂಟಿಸಿದ್ದೇನೆ. ಒಂದು ರಾತ್ರಿ ಕರಡಿ ಡಬ್ಬಿಯನ್ನು ಪೊದೆಯವರೆಗೆ ಉರುಳಿಸಿತ್ತು. ಬೆಳಗಿನ ಜಾವ ಟಾರ್ಚ್ ಬೆಳಕಿಗೆ ಟೇಪ್ ಹೊಳೆದು ಸಿಕ್ಕಿತು. ಹಲ್ಲಿನ ಗೀರು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಹಾಗಂತ ಇದು ಅಜೇಯ ಅಲ್ಲ. ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ಸ್ ಬೆಟ್ಟಗಳಲ್ಲಿ ಯೆಲ್ಲೋ-ಯೆಲ್ಲೋ ಎಂಬ ಹೆಣ್ಣು ಕರಡಿ ಇದೇ ಕಂಪನಿಯ ಡಬ್ಬಿ ತೆಗೆಯಲು ಕಲಿತಿತ್ತು.

ಚಳಿಯಲ್ಲಿ ಮುಚ್ಚಳ ತಿರುಗದಂತೆ ತಡೆಯುವ ಗುಬುಟು ಬೆರಳಿಗೆ ಬಗ್ಗುವುದಿಲ್ಲ. ಹಳೆಯ ಕ್ರೆಡಿಟ್ ಕಾರ್ಡ್ ತೂರಿಸಿ ತಿರುಗಿಸಿ. ಆ ಕಾರ್ಡನ್ನು ಮಾತ್ರ ಡಬ್ಬಿಯೊಳಗೆ ಇಡಬೇಡಿ.