ಬಿಸಿಲೂರಿನ ಫ್ಲ್ಯಾಟು: ಕಿಟಕಿ ಯಾವಾಗ ತೆರೆಯಬೇಕು, ಕೂಲರ್ ಎಲ್ಲಿಡಬೇಕು

ಪ್ರತಿ ಮಾರ್ಚ್‌ನಲ್ಲೂ ಬಳ್ಳಾರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದೇ ನಾಟಕ. ಅಟ್ಟದ ಮೇಲಿದ್ದ ಕೂಲರ್ ಇಳಿಯುತ್ತದೆ, ಕೋಣೆಯ ಮೂಲೆಯಲ್ಲಿ ಕೂರುತ್ತದೆ, ಬಾಗಿಲು ಕಿಟಕಿ ಎಲ್ಲ ಬಂದ್. 'ತಂಪು ಹೊರಗ ಹೋಗಬಾರದಲ್ರೀ' ಎಂಬುದು ಸಮಜಾಯಿಷಿ. ನಡುರಾತ್ರಿಯ ಹೊತ್ತಿಗೆ ಹಾಸಿಗೆ ಹಸಿ, ಮೈ ಜಿಗಿಜಿಗಿ, ಕುದಿ ಮೊದಲಿಗಿಂತ ಹೆಚ್ಚು. ಬೈಗುಳವೆಲ್ಲ ಕೂಲರ್ ಮಾರಿದವನಿಗೆ. ತಾರಸಿಯ ಕೆಳಗಿನ ಫ್ಲ್ಯಾಟಿನಲ್ಲಿ ಏಳು ಬೇಸಿಗೆ ಬೆಂದವಳು ನಾನು. ತಪ್ಪು ಕೂಲರ್‌ನದಲ್ಲ.

ಹಂತ 1: ಬಿಸಿಲು ಎಲ್ಲಿಂದ ಬರುತ್ತದೆ ನೋಡಿ

ಬಳ್ಳಾರಿ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಆರಂಭದ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ. ಹಾಗಾಗಿ ದಕ್ಷಿಣದ ಕಿಟಕಿಗೆ ದಪ್ಪ ಪರದೆ ಹೊಲಿಸುವುದು ದುಡ್ಡು ದಂಡ. ಕಾಯುವುದು ತಾರಸಿ, ಆಮೇಲೆ ಪಶ್ಚಿಮದ ಗೋಡೆ. ಪಶ್ಚಿಮದ ಕಿಟಕಿಗೆ ಬಿದಿರಿನ ತಟ್ಟಿಯನ್ನೋ ಹಸಿರು ಶೇಡ್ ನೆಟ್ಟನ್ನೋ ಹೊರಗಡೆ ಕಟ್ಟಿ. ಗಾಜು ದಾಟಿದ ಬಿಸಿಲು ಒಳಪರದೆಯನ್ನೇ ಕಾಯಿಸಿ ಕೋಣೆಗೆ ಬಿಡುತ್ತದೆ.

ತಾರಸಿಗೆ ಸುಣ್ಣ. ಅಂಟು ಬೆರೆಸಿ ಎರಡು ಕೈ, ಮಾರ್ಚ್ ಮುಗಿಯುವ ಮೊದಲು, ಸಂಘದವರ ಒಪ್ಪಿಗೆ ಪಡೆದು. ದುಬಾರಿ ಕೂಲ್ ಪೇಂಟೇ ಆಗಬೇಕೆನ್ನುವವರಿಗೆ ನನ್ನ ಮಾತು ಇಷ್ಟೇ: ನಮ್ಮೂರ ಕೆಂಧೂಳು ಕೂತರೆ ಎರಡರ ಬಿಳುಪೂ ಹೋಗುತ್ತದೆ. ತಿಂಗಳಿಗೊಮ್ಮೆ ಪೊರಕೆ ಆಡಿಸಿ.

ಹಂತ 2: ಕೂಲರ್ ಇಲ್ಲದ ಹೊತ್ತಿಗೆ

ಬೆಳಿಗ್ಗೆ ಎಂಟಕ್ಕೆ ಕಿಟಕಿ ಮುಚ್ಚಿ, ಹೊರಗಿನ ಝಳ ಇಳಿದ ಮೇಲೆ ತೆರೆಯಿರಿ. ಕೋಟೆ ಗುಡ್ಡದ ಆಸುಪಾಸಿನವರು ಇನ್ನೂ ಸ್ವಲ್ಪ ತಡೆಯಿರಿ, ಕಾದ ಬಂಡೆ ಕತ್ತಲಾದ ಮೇಲೂ ಉಸಿರು ಬಿಡುತ್ತಿರುತ್ತದೆ.

ಹಂತ 3: ಕೂಲರ್ (ಇದನ್ನು ಎರಡು ಸಲ ಓದಿ)

ಕೂಲರ್ ಎಂದರೆ ಬಡವರ ಎಸಿ ಅಲ್ಲ, ಅದರ ಕೆಲಸವೇ ಬೇರೆ. ಎಸಿ ಕೋಣೆಯ ಗಾಳಿಯನ್ನೇ ತಿರುಗಿಸಿ ತಣಿಸಿ ಅದರ ತೇವ ತೆಗೆಯುತ್ತದೆ. ಕೂಲರ್‌ನಲ್ಲಿ ನೀರು ಆವಿಯಾಗುವಾಗ ಗಾಳಿಯ ಶಾಖ ಹೀರುತ್ತದೆ, ಗಾಳಿಗೆ ತೇವ ತುಂಬುತ್ತದೆ. ಮುಚ್ಚಿದ ಕೋಣೆಯಲ್ಲಿ ಅದೇ ಹಸಿಗಾಳಿ ಸುತ್ತಿ ಸುತ್ತಿ ಬಂದರೆ ಅರ್ಧ ಗಂಟೆಯಲ್ಲಿ ನೀರು ಆವಿಯಾಗುವುದೇ ಕಡಿಮೆಯಾಗುತ್ತದೆ. ಆಗ ಉಳಿಯುವುದು ಜಿಗುಟು ಮಾತ್ರ. ಎಸಿ, ಕೂಲರ್ ಎರಡನ್ನೂ ಒಟ್ಟಿಗೆ ಹಾಕುವವರನ್ನೂ ಕಂಡಿದ್ದೇನೆ. ಒಂದು ತುಂಬಿದ ತೇವವನ್ನು ಇನ್ನೊಂದು ಹಿಂಡುತ್ತಿರುತ್ತದೆ, ಮೀಟರ್ ಓಡುತ್ತಿರುತ್ತದೆ.

ಆದ್ದರಿಂದ ಕೂಲರ್‌ನ ಬೆನ್ನು ಹೊರಗಿರಲಿ: ಬಾಲ್ಕನಿ ಬಾಗಿಲಲ್ಲಿ ಅಥವಾ ಕಿಟಕಿಯಲ್ಲಿ. ಅದರ ಎದುರಿನ ಗೋಡೆಯ ಕಿಟಕಿಯನ್ನು, ಕೂಲರ್‌ನ ಮುಖದಷ್ಟಾದರೂ ಅಗಲ, ತೆರೆದಿಡಿ. ನಡುವೆ ಮಂಚ. ಎದುರಿಗೆ ಕಿಟಕಿಯೇ ಇಲ್ಲದಿದ್ದರೆ ಕೋಣೆಯ ಬಾಗಿಲು ತೆರೆದು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ. ಸರಿಯಾಗಿದೆಯೋ ಇಲ್ಲವೋ ತಿಳಿಯಲು ತೆರೆದ ಕಿಟಕಿಯ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ಸರಸರ ಹೊರಗೆ ಹೋಗಬೇಕು. ಅಲ್ಲೇ ಸುಳಿದಾಡಿದರೆ ಇನ್ನೊಂದು ಪಟ್ಟು ತೆರೆಯಿರಿ. ಪಕ್ಕದ ಮನೆಯ ಎಸಿಯ ಹೊರಘಟಕ ನಿಮ್ಮ ಕೂಲರ್‌ನ ಬೆನ್ನಿಗೆ ಊದುತ್ತಿದೆಯೇ ಎಂಬುದನ್ನೂ ನೋಡಿ. ಹಾಗಿದ್ದರೆ ಬೇರೆ ಕಿಟಕಿ ಹುಡುಕುವುದೇ ವಾಸಿ.

ಹೊರಗೆ 40 ಡಿಗ್ರಿ, ಗಾಳಿಯ ತೇವಾಂಶ ಶೇ 20 ಇದ್ದರೆ ಒಳ್ಳೆಯ ಕೂಲರ್ 26–27 ಡಿಗ್ರಿಯ ಗಾಳಿ ಕೊಡಬಲ್ಲದು. ನಮ್ಮ ಒಣಬಿಸಿಲು ಕೊಡುವ ಭಾಗ್ಯ ಇದು, ಮಂಗಳೂರಿನವರಿಗೆ ಸಿಗದು. ತೊಟ್ಟಿಗೆ ಐಸ್ ಸುರಿಯುವುದು ಮಕ್ಕಳಾಟ, ತಣಿಸುವ ಕೆಲಸ ಮಾಡುವುದು ಆವಿ. ಮೇಜಿನ ಮೇಲಿಡುವ ಅಂಗೈಯಗಲದ 'ಮಿನಿ ಕೂಲರ್' ಆನ್‌ಲೈನಿನಲ್ಲಿ ತರಿಸಬೇಡಿ. ನಾನು ತರಿಸಿದ್ದು ಈಗ ಮೊಮ್ಮಗನ ಆಟಿಕೆ.

ಪ್ಯಾಡ್ ವಿಷಯ. ಜೇನುಗೂಡಿನಂಥದ್ದು ಬಾಳಿಕೆಯದು, ಹುಲ್ಲಿನದು ಅಗ್ಗ, ಪ್ರತಿ ವರ್ಷ ಬದಲಿಸಬೇಕು. ಲಾವಂಚದ್ದು ನನಗೆ ಇಷ್ಟ, ಆ ವಾಸನೆಗೆ ಸಾಟಿ ಇಲ್ಲ. ಬೋರ್‌ನ ಸವಳು ನೀರು ಹಾಕಿದರೆ ಯಾವ ಪ್ಯಾಡೂ ಬಿಳಿ ಪದರ ಕಟ್ಟಿ ಗಾಳಿ ತಡೆಯುತ್ತದೆ. ಸಾಧ್ಯವಾದರೆ ನಳದ ನೀರು ಹಾಕಿ. ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಗೋಡೆ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೇ ಅಂಟಿರುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ತಗಡಿನ ಕೂಲರ್ ಆದರೆ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟಿಗೇ ಹಾಕಿ, ಪ್ಲಗ್ ಕಿತ್ತ ನಂತರವೇ ನೀರು ತುಂಬಿ. ಕೆಳಗೊಂದು ಟ್ರೇ ಇಡಿ. ಇಲ್ಲದಿದ್ದರೆ ಕೆಳಮನೆಯಿಂದ ಕೂಗು ಬರುತ್ತದೆ: 'ಅಕ್ಕಾರೆ, ನಿಮ್ ಕೂಲರ್ ನೀರು ನಮ್ ಬಟ್ಟೆ ಮ್ಯಾಲೆ ಬೀಳ್ತೈತೆ ನೋಡ್ರೀ!'

ಹಂತ 4: ಗಾಳಿ, ಮಳೆ

ಆಷಾಢದ ಗಾಳಿ ಧೂಳು ಹೊತ್ತು ತರುತ್ತದೆ. ಗಾಳಿ ಬೀಸುವ ಪಶ್ಚಿಮದ ಕಿಟಕಿಯ ಸಂದಿಗೆ ಫೋಮ್ ಪಟ್ಟಿ ಅಂಟಿಸಿ, ಪೂರ್ವದ್ದನ್ನು ತೆರೆದಿಡಿ. ನೆಲಕ್ಕೆ ಪೊರಕೆಗಿಂತ ಒದ್ದೆ ಬಟ್ಟೆ ಮೇಲು.

ನಮ್ಮಲ್ಲಿ ದೊಡ್ಡ ಮಳೆ ಸಾಮಾನ್ಯವಾಗಿ ಸೆಪ್ಟೆಂಬರಿನದು. ಉತ್ತರಿ ಮಳೆ ಹೂಡುವ ಮೊದಲು ತಾರಸಿಯ ನೀರು ಹೋಗುವ ಕೊಳವೆಯಲ್ಲಿ ಕೈ ಹಾಕಿ ನೋಡಿ, ಎಲೆ, ಧೂಳು, ಪಾರಿವಾಳದ ಗೂಡು ಏನಾದರೂ ಸಿಗುತ್ತದೆ. ಈ ದಿನಗಳಲ್ಲಿ ಕೂಲರ್ ಹಾಕಬೇಡಿ. 30 ಡಿಗ್ರಿ, ತೇವಾಂಶ ಶೇ 80 ಇದ್ದಾಗ ಅದು ಇಳಿಸುವುದು ಎರಡು ಮೂರು ಡಿಗ್ರಿ ಅಷ್ಟೇ. ಫ್ಯಾನ್ ಸಾಕು.

ಹಂತ 5: ಚಳಿಗಾಲ

ದಕ್ಷಿಣದ ಕಿಟಕಿ ತೆರೆಯಿರಿ, ಬಿಸಿಲು ಓರೆಯಾಗಿ ಒಳಗೆ ಬರುತ್ತದೆ. ಪ್ಯಾಡ್ ಕಳಚಿ ಒಣಗಿಸಿ, ತೊಟ್ಟಿ ಒರೆಸಿ, ಕೂಲರ್‌ಗೆ ಹಳೆ ಸೀರೆ ಸುತ್ತಿ ಅಟ್ಟಕ್ಕೆ ಏರಿಸಿ. ಸಂಡಿಗೆ ಹಾಕಲು ತಾರಸಿಯ ಬೀಗದ ಕೈ ಬೇಕಾದವರು ಫೆಬ್ರುವರಿಯಲ್ಲೇ ಕೇಳಿಬಿಡಿ. ಸುಣ್ಣ ಬಳಿದ ಮೇಲೆ ಒಂದು ವಾರ ಅಲ್ಲಿ ಯಾರನ್ನೂ ಕಾಲಿಡಲು ನಾನು ಬಿಡುವುದಿಲ್ಲ.