ಹಳೆ ರಿವಾಲ್ವರ್ ಕೊಳ್ಳುವ ಮುಂಚೆ ಏನೇನು ನೋಡಬೇಕು?

ಹಳೆ ರಿವಾಲ್ವರ್ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಹೊಳಪಿನ ಮೇಲೆ. ಮಾರುವವರಿಗೂ ಅದು ಗೊತ್ತು. ಕಪ್ಪು ಬಣ್ಣ ಹೊಸದಾಗಿ ಹಾಕಿಸಿ, ಹಿಡಿಕೆ ಬದಲಿಸಿ, ಎಣ್ಣೆ ಸವರಿ ಮಖಮಲ್ ಬಟ್ಟೆಯಲ್ಲಿಟ್ಟರೆ ಮೂವತ್ತು ವರ್ಷದ ಸಾಮಾನೂ ಮೊನ್ನೆ ತಂದದ್ದರಂತೆ ಕಾಣುತ್ತದೆ. ಸವೆಯುವ ಜಾಗಗಳೇ ಬೇರೆ: ಮೇಲಿನ ಕೊಂಡಿ, ಮುಂದಿನ ಕೀಲು, ಕಾಡತೂಸು ತುಂಬುವ ಸಿಲಿಂಡರ್ ತಿರುಗಿಸುವ ಹಲ್ಲು, ಅದನ್ನು ಹಿಡಿದು ನಿಲ್ಲಿಸುವ ಕಚ್ಚು. ಎಷ್ಟೋ ಸಲ ಇವೆಲ್ಲಕ್ಕೂ ಮುಂಚೆ ಕಾಗದವೇ ಸವೆದಿರುತ್ತದೆ.

ಇಂಥ ರಿವಾಲ್ವರ್‌ಗಳು ಡೀಲರ್ ಕಪಾಟಿಗೆ ಬರುವುದು ಹೆಚ್ಚಾಗಿ ಎರಡು ದಾರಿಯಲ್ಲಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು; ಮೂರನೆಯದನ್ನು ಬಿಡಲೇಬೇಕಾಯಿತು. ಇನ್ನೊಂದು, ಲೈಸೆನ್ಸ್ ಇದ್ದ ಹಿರಿಯರು ತೀರಿಕೊಂಡು, ಮಕ್ಕಳಿಗೆ ಅದರ ಉಸಾಬರಿ ಬೇಡವಾದಾಗ.

ಮೊದಲ ಪ್ರಶ್ನೆ: ಯಾವ ಕೆಲಸಕ್ಕೆ?

ತೊಗರಿ ಹೊಲಕ್ಕೆ ಹಂದಿ ನುಗ್ಗುತ್ತವೆ, ಅದಕ್ಕೊಂದು ರಿವಾಲ್ವರ್ ಇರಲಿ ಎನ್ನುವವರಿದ್ದಾರೆ. ಆ ಕೆಲಸಕ್ಕೆ ಇದು ಅಲ್ಲವೇ ಅಲ್ಲ. ಬೆಳೆ ರಕ್ಷಣೆಗೆಂದು ಕಾಯ್ದೆ ಹೆಸರಿಸುವುದು ನಳಿಕೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು. ಹಂದಿ ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಲು ಕೊಡಗಿನವರಿಗಿರುವ ವಿನಾಯಿತಿಯನ್ನು ನಮ್ಮ ಕಲಬುರಗಿ ಕಡೆ ಎಳೆದು ತರುವಂತಿಲ್ಲ.

ಗಿಡ್ಡ ನಳಿಕೆಯ ರಿವಾಲ್ವರ್ ಒಂದು ಕೋಣೆಯ ಅಳತೆಯ ಆಯುಧ. ಕಾನ್ಪುರದಲ್ಲಿ ತಯಾರಾಗುವ .32 ಬೋರ್ (ನಳಿಕೆಯ ಒಳ ಅಗಲ) ರಿವಾಲ್ವರ್‌ನ ನಳಿಕೆ 3 ಇಂಚು, ಅಂದರೆ 76 ಮಿ.ಮೀ. ಮುಂದಿನ ಗುರಿಮೊಳೆಗೂ ಹಿಂದಿನ ಗುರಿಗಾಡಿಗೂ ನಡುವೆ ಗೇಣು ದೂರವೂ ಇರುವುದಿಲ್ಲ. ಕೈ ತುಸು ಅಲುಗಿದರೂ ಹತ್ತು ಮೀಟರಿನಲ್ಲಿ ಗುಂಡು ಬಹಳ ಪಕ್ಕಕ್ಕೆ ಬೀಳುತ್ತದೆ. ಕಲಬುರಗಿ ಕೋಟೆಯ ಮೇಲಿನ ಬಾರಾ ಗಜಿ ತೋಪು 29 ಅಡಿ ಉದ್ದ. ನಳಿಕೆ ಉದ್ದವಾದಷ್ಟೂ ಲಾಭವಿದೆ ಎಂಬುದು ಆ ತೋಪು ಮಾಡಿದವರಿಗೇ ತಿಳಿದಿತ್ತು. ಗಿಡ್ಡ ನಳಿಕೆಯಿಂದ ಸಿಗುವುದು ಹಗುರತನ ಮತ್ತು ಅಡಗಿಸಿಡುವ ಅನುಕೂಲ, ಗುರಿಯಲ್ಲ. ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡಲು ಶೂಟಿಂಗ್ ರೇಂಜ್ ಸಿಗದವರು ಇಲ್ಲಿಗೇ ನಿಲ್ಲಿಸುವುದು ಮೇಲು. ಮನೆಯಲ್ಲಿ ಕುಡಿತದ ಜಗಳವಿದ್ದರೆ, ಯಾರಾದರೂ ತೀವ್ರ ಖಿನ್ನತೆಯಲ್ಲಿದ್ದರೆ ಯೋಚಿಸುವುದೇ ಬೇಡ.

ಕಾಗದ

ನಿಮ್ಮ ಲೈಸೆನ್ಸ್‌ನಲ್ಲಿ ಆಯುಧದ ಬಗೆ 'ರಿವಾಲ್ವರ್' ಅಥವಾ 'ರಿವಾಲ್ವರ್/ಪಿಸ್ತೂಲು' ಎಂದಿರಬೇಕು, ಯುಐಎನ್ (ಲೈಸೆನ್ಸ್‌ದಾರರ ವಿಶಿಷ್ಟ ಗುರುತಿನ ಸಂಖ್ಯೆ) ಇರಬೇಕು, ಖರೀದಿಗೆ ಕೊಟ್ಟ ಗಡುವು ಮುಗಿದಿರಬಾರದು. ಆಮೇಲೆ ಮಾರುವವರ ಲೈಸೆನ್ಸ್ ತೆಗೆಸಿ ನೋಡಿ. ಅದರಲ್ಲಿ ಬರೆದ ನಂಬರ್, ಬೋರ್, ತಯಾರಕರ ಹೆಸರು ಮೂರನ್ನೂ ರಿವಾಲ್ವರ್ ಮೇಲಿರುವುದರ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ಹಾಕಿ. ಹಳೆ ಕೈಬರಹದ ಪುಸ್ತಕಗಳಲ್ಲಿ 1 ಮತ್ತು 7, 3 ಮತ್ತು 8 ಅದಲುಬದಲಾಗಿರುವುದು ಉಂಟು. ಒಂದೇ ಅಂಕಿ ತಪ್ಪಿದ್ದರೂ ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ಮಾರುವವರೇ ತಿದ್ದಿಸಿಕೊಂಡು ಬರಲಿ. ಕೊಂಡಮೇಲೆ ಅದು ನಿಮ್ಮ ತಲೆನೋವು.

ನಮ್ಮ ಭಾಗದ್ದೇ ಒಂದು ತೊಡಕಿದೆ. 2014ಕ್ಕಿಂತ ಹಿಂದಿನ ಕಾಗದಗಳಲ್ಲಿ ಕಲಬುರಗಿಯ ಹೆಸರು ಗುಲ್ಬರ್ಗಾ. ಯಾದಗಿರಿ ಬೇರೆ ಜಿಲ್ಲೆಯಾಗುವ ಮುಂಚಿನ ಲೈಸೆನ್ಸ್‌ಗಳು ಹುಟ್ಟಿದ್ದೂ ಗುಲ್ಬರ್ಗಾ ಕಚೇರಿಯಲ್ಲೇ. ಶಹಾಪುರದವರೋ ಸುರಪುರದವರೋ ಮಾರುತ್ತಿದ್ದರೆ ಕಡತ ಈಗ ಯಾವ ಕಚೇರಿಯಲ್ಲಿದೆ, ಕೊನೆಯ ನವೀಕರಣ ಎಲ್ಲಿ ಆಗಿದೆ ಎಂದು ಮೊದಲೇ ಕೇಳಿಕೊಳ್ಳಿ.

ಖಾಸಗಿಯವರಿಂದ ನೇರ ಕೊಳ್ಳುವುದಾದರೆ, ಯಾರಿಗೆ ಮಾರುತ್ತೇನೆ ಎಂದು ಹೆಸರು ವಿಳಾಸ ಸಮೇತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಅವರು ಲಿಖಿತವಾಗಿ ತಿಳಿಸಬೇಕು, ತಿಳಿಸಿ 45 ದಿನ ಕಳೆದಿರಬೇಕು. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಹೇಳುವುದು ಇದು. "ಸಾಮಾನು ಇವತ್ತೇ ಒಯ್ಯಿರಿ ಸಾಹೇಬ್ರ, ಕಾಗದ ಆಮ್ಯಾಲೆ ಮಾಡೋಣು" ಅಂದರೆ ಎದ್ದು ಬನ್ನಿ. ಲೈಸೆನ್ಸ್‌ದಾರರು ತೀರಿಕೊಂಡಿದ್ದರೆ ರಿವಾಲ್ವರ್ ಮೊದಲು ಠಾಣೆಗೋ ಡೀಲರ್ ಬಳಿಗೋ ಜಮೆಯಾಗಿರಬೇಕು. ಜಮೆ ರಸೀದಿ ತೋರಿಸದ ವಾರಸುದಾರರ ಜೊತೆ ವ್ಯವಹಾರ ಬೇಡ. ನಂಬರ್ ಉಜ್ಜಿದ್ದು, ಮತ್ತೆ ಕೊರೆದದ್ದು ಕಂಡರೆ ಕೈಯನ್ನೂ ತಾಗಿಸಬೇಡಿ. ಗುರುತಿನ ನಂಬರ್ ಇಲ್ಲದ ಬಂದೂಕನ್ನು ಮಾರುವಂತೆಯೇ ಇಲ್ಲ. ಲೈಸೆನ್ಸ್ ಇಲ್ಲದ ಬಂದೂಕು ಸಿಕ್ಕರೆ ಕನಿಷ್ಠ ಶಿಕ್ಷೆ ಎರಡು ವರ್ಷ.

ಹೈದರಾಬಾದ್, ಸೊಲ್ಲಾಪುರದ ಅಂಗಡಿಗಳು ನಮಗೆ ಬೆಂಗಳೂರಿಗಿಂತ ಹತ್ತಿರ. ಆದರೆ ಲೈಸೆನ್ಸ್‌ನ ವ್ಯಾಪ್ತಿ ಕರ್ನಾಟಕ ಎಂದಷ್ಟೇ ಇದ್ದರೆ ಗಡಿ ದಾಟಿ ತರುವ ಮುಂಚೆ ಲೈಸೆನ್ಸ್ ಕೊಟ್ಟವರ ಅನುಮತಿ ಪಡೆಯಬೇಕು. ಝಹೀರಾಬಾದ್ ದಾಟಿ ಬೀದರ್‌ಗೆ ಬರುವ ಬಸ್ಸಿನಲ್ಲಿ ಚೀಲ ತಪಾಸಣೆಯಾದಾಗ ಬರೀ ಖರೀದಿ ಬಿಲ್ಲು ನಿಮ್ಮನ್ನು ಕಾಯುವುದಿಲ್ಲ.

ಬೋರ್ ಒಂದೇ, ಕಾಡತೂಸು ಬೇರೆ

.380 ಅಥವಾ .455 ಬೋರಿನ, ತಳದಲ್ಲಿ ಅಂಚಿರುವ ಕಾಡತೂಸು ಹಿಡಿಯುವ ರಿವಾಲ್ವರ್‌ಗಳು ನಿಷೇಧಿತ ವರ್ಗದವು. ಬ್ರಿಟಿಷರ ಹಳೆ ವೆಬ್ಲಿ ರಿವಾಲ್ವರುಗಳಲ್ಲಿ ಬಹಳಷ್ಟು ಇವೇ. ಸಾಮಾನ್ಯ ಲೈಸೆನ್ಸ್‌ನಲ್ಲಿ ಹೆಚ್ಚಾಗಿ ಕಾಣುವುದು .32. ಅದರಲ್ಲೂ ಎಡವುವ ಜಾಗವಿದೆ. ನಮ್ಮ ದೇಶದ .32 ರಿವಾಲ್ವರ್ ಹಾರಿಸುವುದು .32 ಸ್ಮಿತ್ ಅಂಡ್ ವೆಸನ್ ಲಾಂಗ್ ಎಂಬ ಕಾಡತೂಸನ್ನು. ಹಳೆ ವಿದೇಶಿ ಜೇಬಿನ ರಿವಾಲ್ವರ್‌ಗಳಲ್ಲಿ, ಅದರಲ್ಲೂ ಐದು ಚೇಂಬರಿನವುಗಳಲ್ಲಿ (ಚೇಂಬರ್ ಅಂದರೆ ಸಿಲಿಂಡರಿನಲ್ಲಿ ಕಾಡತೂಸು ಕೂರುವ ತೂತು) ಎಷ್ಟೋ, ಇದಕ್ಕಿಂತ ಗಿಡ್ಡ ಕಾಡತೂಸಿಗೆಂದು ಮಾಡಿದವು. ಲಾಂಗ್ ಅವುಗಳಲ್ಲಿ ಕೂರುವುದೇ ಇಲ್ಲ. ಇದಕ್ಕೆ ವಿರುದ್ಧವಾಗಿ, .32 ಪಿಸ್ತೂಲಿನ ಕಾಡತೂಸು ಲಾಂಗ್ ಚೇಂಬರಿಗೆ ಇಳಿದುಬಿಡುತ್ತದೆ. ಇಳಿಯಿತು ಎಂದು ಹಾರಿಸಬೇಡಿ. ಅದರ ಒತ್ತಡ ಹೆಚ್ಚು, ಹಳೆ ಕೀಲು ಕೊಂಡಿ ತಡೆಯಲಿಕ್ಕಿಲ್ಲ. ನಳಿಕೆಯ ಮೇಲೆ ಕೊರೆದ ಬರಹ ಓದಿ, ಕಾಡತೂಸಿನ ತಳದ ಬರಹದೊಂದಿಗೆ ಹೊಂದಿಸಿ.

ಕೈಯಲ್ಲಿ ಹಿಡಿದು ಪರೀಕ್ಷೆ

ಒಯ್ಯಬೇಕಾದ್ದು: ಸಣ್ಣ ಟಾರ್ಚು, ಬಿಳಿ ಕಾಗದ, ಹತ್ತಿ ಬಟ್ಟೆ, ಭೂತಗನ್ನಡಿ, ಮದ್ದಿಲ್ಲದ ಆರು ಡಮ್ಮಿ ಕಾಡತೂಸು, ಮತ್ತೆ ಸಂದಿ ಅಳೆಯುವ ಒಂದು ಫೀಲರ್ ಗೇಜು. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸಲು ಬಳಸುವ ಅದೇ ಗೇಜು ಸಾಕು.

ಮೊದಲು ತೆರೆದು ಆರೂ ಚೇಂಬರ್ ಕಣ್ಣಲ್ಲಿ ನೋಡಿ, ಬೆರಳಿಟ್ಟು ಮುಟ್ಟಿ. ಕಾಡತೂಸು ಆ ಕೋಣೆಯಲ್ಲೇ ಇರಬಾರದು. ಡೀಲರ್ ಈಗಷ್ಟೇ ತೋರಿಸಿದ್ದರೂ ನೀವು ಮತ್ತೆ ನೋಡಿ. ಅದರಲ್ಲಿ ಅವಮಾನವೇನೂ ಇಲ್ಲ.

ಕಾನ್ಪುರದ ಹಳೆ ಮಾದರಿ, 2014ರಲ್ಲಿ ಬಂದ ನಿರ್ಭೀಕ್, ಎರಡೂ ನಡುಮುರಿದು ತೆರೆಯುವ ಜಾತಿ. ಇವುಗಳ ಜೀವ ಕೊಂಡಿಯಲ್ಲಿದೆ. ಮುಚ್ಚಿದ ಮೇಲೆ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ನಳಿಕೆ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಿಸಿ. ಟಕ್ ಟಕ್ ಸಪ್ಪಳ ಬಂದರೆ, ಸಂದಿಯಲ್ಲಿ ಬೆಳಕು ಬಿಟ್ಟು ಮುಚ್ಚಿದಂತೆ ಕಂಡರೆ ಕೊಂಡಿಯೋ ಕೀಲಿನ ಮೊಳೆಯೋ ಸವೆದಿದೆ. ಪ್ರತಿ ಗುಂಡಿಗೂ ಒತ್ತಡ ಅದೇ ಸಂದಿಯನ್ನು ಬಡಿಯುವುದರಿಂದ ಸಡಿಲ ಹೆಚ್ಚುತ್ತಲೇ ಹೋಗುತ್ತದೆ, ಒಂದು ದಿನ ಹಾರಿಸುವಾಗಲೇ ತೆರೆದುಕೊಳ್ಳುತ್ತದೆ. ಇದೊಂದು ದೋಷ ಸಾಕು, ಉಳಿದ ಪರೀಕ್ಷೆ ಬೇಕಿಲ್ಲ. 2023ರ ಪ್ರಬಲ್‌ನಂತೆ ಸಿಲಿಂಡರ್ ಪಕ್ಕಕ್ಕೆ ಹೊರಳುವ ಮಾದರಿಯಾದರೆ ಅದನ್ನು ಹೊತ್ತ ತೋಳು ನೇರವಿದೆಯೇ ನೋಡಿ. ಸಿನಿಮಾದಲ್ಲಿ ಮಣಿಕಟ್ಟು ಒದರಿ ಫಟ್ಟಂತ ಮುಚ್ಚುತ್ತಾರಲ್ಲ, ಆ ಚಾಳಿಯವರ ಕೈಯಲ್ಲಿ ಈ ತೋಳು ಬಾಗಿರುತ್ತದೆ.

ಎರಡನೆಯದು ಸಿಲಿಂಡರ್‌ನ ತಾಳ. ಡಮ್ಮಿ ತುಂಬಿ, ಹ್ಯಾಮರನ್ನು (ಹಿರಿಯರ ಬಾಯಲ್ಲಿ ಕುದುರೆ) ಹೆಬ್ಬೆರಳಿಂದ ಬಹಳ ನಿಧಾನ ಎಳೆಯಿರಿ. ಇನ್ನೊಂದು ಕೈಯ ಬೆರಳು ಸಿಲಿಂಡರಿಗೆ ತುಸು ತಾಗಿ ತಡೆ ಕೊಡಲಿ. ಹ್ಯಾಮರ್ ಪೂರ್ತಿ ಹಿಂದೆ ಕೂರುವುದರೊಳಗೆ ಸಿಲಿಂಡರ್ ತನ್ನ ಕಚ್ಚಿನಲ್ಲಿ ಕಟ್ಟೆಂದು ಬೀಳಬೇಕು. ಆರೂ ಚೇಂಬರಿಗೆ ಹೀಗೆ ಮಾಡಿ. ಐದು ಸರಿಯಿದ್ದು ಒಂದು ಹಿಂದೆ ಬೀಳುವುದು ಸಾಮಾನ್ಯ. ಹಿಂದೆ ಬಿದ್ದ ಚೇಂಬರ್ ನಳಿಕೆಯ ನೇರಕ್ಕೆ ಬರದೆ ಗುಂಡು ಅಂಚಿಗೆ ಉಜ್ಜುತ್ತದೆ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಕಾರಣ ತಿರುಗಿಸುವ ಹಲ್ಲಿನ ಸವೆತ. ಭಾಗ ಸಿಗುವ ದೇಶಿ ಮಾದರಿಯಾದರೆ ಇದು ಚೌಕಾಸಿಯ ವಿಷಯ. ಭಾಗವೇ ಸಿಗದ ವಿದೇಶಿಯಾದರೆ ಬಿಟ್ಟುಬಿಡುವ ವಿಷಯ.

ಟ್ರಿಗರ್ ಒತ್ತಿ ಹಿಡಿದಾಗ ಸಿಲಿಂಡರ್ ಕೂದಲೆಳೆಯಷ್ಟು ಅಲುಗಬಹುದು, ಗಡಗಡ ಅನ್ನಬಾರದು. ಈಗ ಗೇಜು ತೆಗೆದು ಸಿಲಿಂಡರ್ ಮುಖಕ್ಕೂ ನಳಿಕೆಯ ಹಿಂಬದಿಗೂ ನಡುವಿನ ಸಂದಿ ಅಳೆಯಿರಿ. 0.10ರಿಂದ 0.20 ಮಿ.ಮೀ. ಒಳ್ಳೆಯದು, 0.25 ಕೊನೆಯ ಗೆರೆ. ಸಿಲಿಂಡರನ್ನು ಮುಂದಕ್ಕೆ ಒತ್ತಿ ಒಮ್ಮೆ, ಹಿಂದಕ್ಕೆ ಒತ್ತಿ ಒಮ್ಮೆ ಅಳೆದರೆ ಬರುವ ವ್ಯತ್ಯಾಸವೇ ಹಿಂದುಮುಂದಿನ ಸಡಿಲ. ಅದು 0.10 ದಾಟಿದರೆ ಬಹಳ ಹಾರಿದ ರಿವಾಲ್ವರ್ ಅದು. ಗೇಜಿನ ಎಲೆಯನ್ನು ತುರುಕಬೇಡಿ, ತಾನಾಗಿ ಜಾರಬೇಕು.

ಮೂರನೆಯದು ಜೀವಕ್ಕೆ ಸಂಬಂಧಿಸಿದ್ದು. ಹ್ಯಾಮರ್ ಹಿಂದೆಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿಂದ ಹಿಂಬದಿಯಿಂದ ಮುಂದಕ್ಕೆ ಒತ್ತಿ. ಜಾರಿ ಬಿದ್ದರೆ ಕೊಳ್ಳಬೇಡಿ. ಟ್ರಿಗರ್ ಹಗುರಾಗಲಿ ಎಂದು ಯಾರೋ ಒಳಗಿನ ಕಚ್ಚನ್ನು ಅರದಿಂದ ಉಜ್ಜಿದ್ದಾರೆ, ಇಲ್ಲವೇ ಅದು ಸವೆದಿದೆ. ಹ್ಯಾಮರ್ ಕೆಳಗಿದ್ದು ಟ್ರಿಗರ್ ಬಿಟ್ಟಾಗ ಸಿಡಿಮೊಳೆ (ಕಾಡತೂಸಿನ ತಳಕ್ಕೆ ಬಡಿಯುವ ಮೊನೆ) ಒಳಗೆ ಸರಿದಿರಬೇಕು. ತೂತಿನಿಂದ ಹೊರಗೆ ಇಣುಕುತ್ತಿದ್ದರೆ ತುಂಬಿದ ರಿವಾಲ್ವರ್ ಕೈಜಾರಿ ಬಿದ್ದಾಗ ಹಾರಬಹುದು. ಡಮ್ಮಿ ಇಲ್ಲದೆ ಖಾಲಿ ಟಿಕ್ ಟಿಕ್ ಮಾಡಬೇಡಿ, ಹಳೆ ಸಿಡಿಮೊಳೆ ಮುರಿದರೆ ದಂಡ ನಿಮ್ಮದು.

ನಳಿಕೆ ನೋಡಲು ತೆರೆದು ಹಿಂದೆ ಬಿಳಿ ಕಾಗದ ಹಿಡಿದು ಅದರ ಮೇಲೆ ಟಾರ್ಚು ಬಿಡಿ, ಮುಂದಿನಿಂದ ಇಣುಕಿ. ಬಟ್ಟೆಯಿಂದ ಮೊದಲು ಒರೆಸಿರಿ, ಕಪ್ಪು ಮಸಿ ತುಕ್ಕಿನ ಗುಳಿಯನ್ನು ಮುಚ್ಚುತ್ತದೆ. ಸುರುಳಿ ಗೆರೆಗಳ ಅಂಚು ಚೂಪಿರಬೇಕು. ಅಡ್ಡಲಾಗಿ ಉಂಗುರದಂಥ ನೆರಳು ಕಂಡರೆ ನಳಿಕೆ ಅಲ್ಲಿ ಉಬ್ಬಿದೆ: ಮದ್ದು ಸರಿಯಾಗಿ ಸಿಡಿಯದೆ ಒಂದು ಗುಂಡು ಒಳಗೇ ಸಿಕ್ಕಿಕೊಂಡಿತ್ತು, ಅದು ತಿಳಿಯದೆ ಹಿಂದೆ ಇನ್ನೊಂದು ಹಾರಿಸಿದ್ದಾರೆ. ಚೇಂಬರ್‌ಗಳಲ್ಲಿ ಗುಳಿಯಿದ್ದರೆ ಖಾಲಿ ಕೊಳವೆ ಅಂಟಿಕೊಂಡು ಹೊರಬರುವುದಿಲ್ಲ.

ನಮ್ಮ ಕಡೆಯ ತುಕ್ಕು ವಿಚಿತ್ರ. ಬೇಸಿಗೆಯ ಒಣ ಧೂಳು ಒಳಗೆ ಸೇರಿರುತ್ತದೆ, ಮುಂಗಾರಿನ ತೇವ ಅದನ್ನು ಹಿಡಿದಿಡುತ್ತದೆ. ಚರ್ಮದ ಹೋಲ್ಸ್ಟರ್‌ನಲ್ಲೇ ವರ್ಷಗಟ್ಟಲೆ ಇಟ್ಟಿದ್ದರೆ ಇನ್ನೂ ಕೇಡು. ಹಿಡಿಕೆಯ ತಿರುಪು ಬಿಚ್ಚಿಸಿ ಒಳಗಿನ ಉಕ್ಕು ನೋಡಿ, ಬಣ್ಣ ಹಾಕಿಸುವವರ ಕೈ ಅಲ್ಲಿಗೆ ಮುಟ್ಟಿರುವುದಿಲ್ಲ. ಟ್ರಿಗರ್ ಅಂಟಂಟಾಗಿ ಮರಳುತ್ತಿದ್ದರೆ ಅಡುಗೆ ಎಣ್ಣೆ ಬಿಟ್ಟಿರಬಹುದು, ಅದು ಗಟ್ಟಿಯಾಗಿ ಗೋಂದಾಗಿರುತ್ತದೆ. ಬಿಚ್ಚಿ ತೊಳೆಸಿದರೆ ಹೋಗುವ ದೋಷ ಇದು. ತಿರುಪಿನ ತಲೆಗಳು ಹರಿದಿದ್ದರೆ ಅರೆಬರೆ ತಿಳಿದವರು ಒಳಗೆ ಕೈಯಾಡಿಸಿದ್ದಾರೆ ಎಂದರ್ಥ.

ಹಾರಿಸಿ ನೋಡುವುದು

ಅನುಮತಿಯಿರುವ ರೇಂಜಿನಲ್ಲಿ, ಲೈಸೆನ್ಸ್‌ದಾರರೋ ಡೀಲರ್‌ರೋ ಜೊತೆಗಿದ್ದಾಗ ಮಾತ್ರ. ಹೊಲದಲ್ಲಿ, ಮದುವೆ ಮೆರವಣಿಗೆಯಲ್ಲಿ ಅಲ್ಲ. ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಏಳು ಮೀಟರಿಗೆ ಹನ್ನೆರಡು ಗುಂಡು ಸಾಕು. ಕಿವಿ, ಕಣ್ಣು ಎರಡಕ್ಕೂ ರಕ್ಷೆ ಬೇಕು, ಬೆರಳು ಸಿಲಿಂಡರ್ ಸಂದಿಯ ಹತ್ತಿರ ಸುಳಿಯಬಾರದು. ಕಾಗದದ ಮೇಲೆ ತೂತು ದುಂಡಗಿರದೆ ಉದ್ದವಿದ್ದರೆ ಗುಂಡು ಅಡ್ಡ ತಿರುಗಿ ಹೋಗಿದೆ, ನಳಿಕೆ ಸವೆದಿದೆ. ಒಂದೆರಡು ಸಿಡಿಯದೆ ಉಳಿದರೆ ಕಾಡತೂಸಿನ ತಳದ ಗುರುತು ನೋಡಿ: ಗುರುತು ಆಳವಿದ್ದರೆ ಕಾಡತೂಸು ಹಳತು, ತೆಳುವಿದ್ದರೆ ಸ್ಪ್ರಿಂಗ್ ಸೋತಿದೆ.

ಬೆಲೆ

1980ರ ದಶಕದಲ್ಲಿ ಸಾಮಾನ್ಯರಿಗೆ ವಿದೇಶಿ ಬಂದೂಕಿನ ಆಮದು ನಿಂತಿತು. ಅಂದಿನಿಂದ ಸ್ಮಿತ್ ಅಂಡ್ ವೆಸನ್, ಕೋಲ್ಟ್ ಹೆಸರಿಗೇ ಬೆಲೆ. ಆ ಹೆಸರಿಗೆ ಕೊಟ್ಟ ದುಡ್ಡಿಗೆ ಸ್ಪ್ರಿಂಗ್ ಕೂಡ ಸಿಗುವುದಿಲ್ಲ ಎಂಬುದು ಮುರಿದಾಗಲೇ ತಿಳಿಯುವುದು. ನಿರ್ಭೀಕ್ ಬಿಡುಗಡೆಯಾದಾಗ ಬೆಲೆ ₹1,22,360 ಇತ್ತು. ದೇಶಿ ಮಾದರಿಗೆ ಇವತ್ತಿನ ಹೊಸ ಬೆಲೆಯ ಪಟ್ಟಿ ಮುಂದಿಟ್ಟುಕೊಂಡೇ ಮಾತಾಡಿ. ಹೊಸದಕ್ಕೂ ಹಳೆಯದಕ್ಕೂ ಕಾಲುಭಾಗದಷ್ಟೂ ಅಂತರ ಇಲ್ಲದಿದ್ದರೆ ಹೊಸದಕ್ಕೆ ಕಾಯುವುದೇ ಲೆಕ್ಕಕ್ಕೆ ಸರಿ. ಕಾಡತೂಸಿನ ಖರ್ಚು, ಗೋಡೆಗೆ ಬೋಲ್ಟ್ ಹಾಕಿದ ಸಣ್ಣ ಉಕ್ಕಿನ ಲಾಕರಿನ ಖರ್ಚು ಬೇರೆ ಹಿಡಿಯಿರಿ.

ವ್ಯವಹಾರ ಮುಗಿದ ದಿನವೇ ಬಿಲ್ಲಿನಲ್ಲಿ ನಂಬರ್ ಬರೆಸಿ, ಮಾರಿದವರ ಲೈಸೆನ್ಸ್‌ನಿಂದ ಅದು ಕಡಿತವಾದ ನಮೂದಿನ ನಕಲು ಪಡೆದು, ನಿಮ್ಮ ಲೈಸೆನ್ಸ್‌ನಲ್ಲಿ ಏರಿಸಲು ಅರ್ಜಿ ಕೊಡಿ. ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣ. ಚುನಾವಣೆ ಬಂದು ಜಮೆ ಮಾಡಲು ಆದೇಶವಾದರೆ ಒಯ್ಯುವ ಮುನ್ನ ಎಣ್ಣೆ ಸವರಿ, ಚರ್ಮದ ಚೀಲದಿಂದ ತೆಗೆದು ಬಟ್ಟೆಯಲ್ಲಿ ಸುತ್ತಿ ಕೊಡಿ. ರಸೀದಿಯಲ್ಲಿ ನಂಬರಿನ ಜೊತೆ ಕಾಡತೂಸಿನ ಎಣಿಕೆಯನ್ನೂ ಬರೆಸಿಕೊಳ್ಳಿ.