ಎರಡು ಬೆರಳಿನ ಪರಿಹಾರ: ಭೋಸರಿಯಿಂದ ನಾನು ನಡೆಸಿದ ಅರ್ಜಿಯ ಅನುಭವ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪ್ರೆಸ್ ಶಾಪಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಲೋಹದ ಪಟ್ಟಿ ಒತ್ತುವ ಪವರ್ ಪ್ರೆಸ್ಸಿಗೆ ಸಿಕ್ಕಿ ನನ್ನ ಎಡಗೈಯ ತೋರುಬೆರಳಿನ ಎರಡು ಗೆಣ್ಣು ಮತ್ತು ನಡುಬೆರಳಿನ ಒಂದು ಗೆಣ್ಣು ತುಂಡಾದವು. ಅದಕ್ಕೆ ಕಾನೂನಿನಂತೆ ನನಗೆ ಸಲ್ಲಬೇಕಾದ ಪರಿಹಾರ 3,23,028 ರೂಪಾಯಿ ಎಂದು ಕೊನೆಗೆ ತೀರ್ಮಾನವಾಯಿತು. ಮಾಲೀಕರು ಮೊದಲು ಕೊಡಲು ಬಂದದ್ದು ನಲವತ್ತು ಸಾವಿರ. ಆಳಂದ, ಅಫಜಲಪುರ, ಇಂಡಿ ಕಡೆಯಿಂದ ಬಂದು ಭೋಸರಿ, ಚಾಕಣ, ಪಿಂಪ್ರಿಯ ಶೆಡ್ಡುಗಳಲ್ಲಿ ದುಡಿಯುವ ನಮ್ಮವರು ಈಗ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ನನ್ನ ಕೋಣೆಗೆ ಬರುವುದುಂಟು. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಇತ್ಯರ್ಥವಾಗಬೇಕಾದದ್ದು ಯಾವ ಕಾನೂನು ಎಂಬುದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆಯಾಗಿದ್ದು, ತಿಂಗಳ ಪಗಾರ 21,000 ರೂಪಾಯಿ ಮೀರದಿದ್ದರೆ, ಕಾರ್ಮಿಕ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯ, ವ್ಯಾಪ್ತಿಗೆ ಬರುತ್ತಾನೆ; ಆಗ ಪರಿಹಾರ ಕೊಡುವುದು ಇಎಸ್ಐ ನಿಗಮ, ಮಾಲೀಕರ ಮೇಲೆ ಬೇರೆ ಪರಿಹಾರ ಅರ್ಜಿ ಹಾಕಲು ಅಂದು ಜಾರಿಯಲ್ಲಿದ್ದ 1948ರ ಇಎಸ್ಐ ಕಾಯ್ದೆಯ 53ನೇ ಕಲಮು ಬಿಡುತ್ತಿರಲಿಲ್ಲ. ನಮ್ಮ ಶಾಪಿನಲ್ಲಿ ನಾವು ಇದ್ದವರು ಏಳು ಮಂದಿ. ಹೀಗಾಗಿ ನನಗೆ ಉಳಿದದ್ದು ಅಂದು ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ; ಈಚೆಗೆ ಆದ ಬದಲಾವಣೆಯನ್ನು ಕೊನೆಯಲ್ಲಿ ಹೇಳಿದ್ದೇನೆ. ಇದರಲ್ಲಿ ಹಣ ಕೊಡುವ ಹೊಣೆ ನೇರವಾಗಿ ಮಾಲೀಕರದು, ವಿಮೆ ಮಾಡಿಸಿದ್ದರೆ ಅವರ ಪರವಾಗಿ ವಿಮಾ ಕಂಪನಿಯದು. ವ್ಯಾಜ್ಯ ತೀರ್ಮಾನಿಸುವ ಆಯುಕ್ತರ ಅಧಿಕಾರ ಮಹಾರಾಷ್ಟ್ರದಲ್ಲಿ ಕಾರ್ಮಿಕ ನ್ಯಾಯಾಲಯದ ನ್ಯಾಯಾಧೀಶರಿಗೆ ಇದೆ.

ಇಎಸ್ಐ ಇದ್ದವರ ದಾರಿ ಎಷ್ಟೋ ಸರಳ ಎಂಬುದನ್ನು ನನ್ನ ಕೋಣೆಯಲ್ಲೇ ಇದ್ದ ಚಾಕಣದ ಹುಡುಗನ ಪ್ರಕರಣದಲ್ಲಿ ಕಂಡೆ. ಅವನು ಗಾಯದಿಂದ ಮನೆಯಲ್ಲಿದ್ದಷ್ಟು ದಿನವೂ ಸರಾಸರಿ ದಿನಗೂಲಿಯ ಶೇಕಡಾ 90ರಷ್ಟು ಅವನ ಖಾತೆಗೆ ಬಂತು. ನಂತರ ವೈದ್ಯಕೀಯ ಮಂಡಳಿ ನಷ್ಟದ ಪ್ರಮಾಣ ಗೊತ್ತುಮಾಡಿತು, ಆ ಪ್ರಮಾಣದಲ್ಲಿ ಜೀವಮಾನವಿಡೀ ಹಣ ಬರುತ್ತದೆ. ದಿನಕ್ಕೆ 650 ರೂಪಾಯಿ ಗಳಿಸುವವನಿಗೆ ಶೇಕಡಾ 18 ನಷ್ಟವೆಂದಾದರೆ ದಿನಕ್ಕೆ ಸುಮಾರು 105, ತಿಂಗಳಿಗೆ ಮೂರು ಸಾವಿರ ಚಿಲ್ಲರೆ. ಗಾಯದ ವಿಷಯದಲ್ಲಿ ಇಷ್ಟು ತಿಂಗಳು ವಂತಿಗೆ ತುಂಬಿರಬೇಕೆಂಬ ಷರತ್ತೂ ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ಹಕ್ಕು ಇದೆ. ಗುತ್ತಿಗೆದಾರ ಹೆಸರನ್ನೇ ನೋಂದಾಯಿಸಿಲ್ಲ ಎಂದು ಎದೆಗುಂದಿ ಬರುವವರಿಗೆ ನಾನು ಕಾಯ್ದೆಯ ಒಂದು ಮಾತು ತೋರಿಸುತ್ತೇನೆ: ಯಾರ ವಿಷಯದಲ್ಲಿ ವಂತಿಗೆ ‘ಸಲ್ಲಬೇಕಿತ್ತೋ’ ಅವನೂ ವಿಮಾದಾರನೇ. ತುಂಬದೇ ಇದ್ದದ್ದು ಮಾಲೀಕರ ತಪ್ಪೇ ಹೊರತು ಕಾರ್ಮಿಕನ ಹಕ್ಕು ಅದರಿಂದ ಹೋಗುವುದಿಲ್ಲ.

ಇನ್ನು ನನ್ನ ಪ್ರಕರಣ. 1923ರ ಕಾಯ್ದೆಯಲ್ಲಿ ಮೊತ್ತ ಹುಟ್ಟುವುದು ಮೂರು ಅಂಕಿಗಳ ಗುಣಾಕಾರದಿಂದ: ಪಗಾರ, ವಯಸ್ಸು, ಗಳಿಕೆಯ ಸಾಮರ್ಥ್ಯದಲ್ಲಿ ಆದ ನಷ್ಟದ ಶೇಕಡಾವಾರು. ಪೂರ್ತಿ ಶಾಶ್ವತ ಅಂಗವೈಕಲ್ಯವಾದರೆ ತಿಂಗಳ ಪಗಾರದ ಶೇಕಡಾ 60ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. ನನ್ನಂತೆ ಭಾಗಶಃ ಆದರೆ ಬಂದ ಮೊತ್ತದಲ್ಲಿ ನಷ್ಟದ ಶೇಕಡಾವಾರು ಪಾಲು. ಪಗಾರ ಎಷ್ಟೇ ಇರಲಿ, 2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಪಗಾರ 15,000. ಅದಕ್ಕೂ ಮೊದಲು ಹತ್ತು ವರ್ಷ ಇದು ಎಂಟು ಸಾವಿರದಲ್ಲೇ ನಿಂತಿತ್ತು. ಆ ಕಾಲದಲ್ಲಿ ಬೆರಳು ಕಳೆದುಕೊಂಡಿದ್ದರೆ ಇದೇ ಗಾಯಕ್ಕೆ ನನಗೆ ಸಿಗುತ್ತಿದ್ದದ್ದು 1,72,000 ರೂಪಾಯಿಯ ಆಸುಪಾಸು. 34 ವರ್ಷಕ್ಕೆ ಗುಣಕ 199.40. 15,000ದ ಶೇಕಡಾ 60 ಎಂದರೆ 9,000, ಅದನ್ನು 199.40ರಿಂದ ಗುಣಿಸಿದರೆ 17,94,600. ಅದರ ಶೇಕಡಾ 18 ಮೇಲೆ ಹೇಳಿದ 3,23,028.

ಈ ಶೇಕಡಾ 18 ಯಾರೋ ವೈದ್ಯರು ಮನಸ್ಸಿಗೆ ಬಂದಂತೆ ಬರೆದದ್ದಲ್ಲ. ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಅಂಗಾಂಗಗಳ ಪಟ್ಟಿಯೇ ಇದೆ: ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಿಗೆ 9; ನಡುಬೆರಳು ಪೂರ್ತಿಗೆ 12, ಒಂದು ಗೆಣ್ಣಿಗೆ 7; ಹೆಬ್ಬೆರಳು ಹೋದರೆ 30. ಒಂದೇ ಅಪಘಾತದಲ್ಲಿ ಹಲವು ಗಾಯಗಳಾದರೆ ಅವನ್ನು ಕೂಡಿಸಬೇಕು. 11 ಮತ್ತು 7 ಕೂಡಿದರೆ 18. ಎಲುಬು ಹೋಗದೆ ಬೆರಳಿನ ತುದಿ ಮಾತ್ರ ಹೋದರೆ ಅಂಕಿ ತೀರಾ ಇಳಿಯುತ್ತದೆ, ತೋರುಬೆರಳಿಗೆ 5, ನಡುಬೆರಳಿಗೆ 4. ಆದ್ದರಿಂದ ಎಕ್ಸ್-ರೇ ಮತ್ತು ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಯಾವ ಗೆಣ್ಣಿನವರೆಗೆ ಕತ್ತರಿಸಲಾಯಿತು ಎಂಬುದು ಸ್ಪಷ್ಟವಾಗಿ ಇರುವಂತೆ ಆಸ್ಪತ್ರೆಯಿಂದ ಹೊರಡುವ ಮೊದಲೇ ನೋಡಿಕೊಂಡೆ. ಪಟ್ಟಿಯಲ್ಲಿಲ್ಲದ ಗಾಯಕ್ಕೆ, ಉದಾಹರಣೆಗೆ ಸೊಂಟದ ಪೆಟ್ಟಿಗೆ, ಅರ್ಹ ವೈದ್ಯರು ಗಳಿಕೆಯ ಸಾಮರ್ಥ್ಯ ಎಷ್ಟು ಕುಂದಿದೆ ಎಂದು ಅಂದಾಜು ಮಾಡಬೇಕು. ಇಲ್ಲಿ ಅನೇಕರು ಅಂಗವಿಕಲರ ಕಾರ್ಡನ್ನು ತಂದು ತೋರಿಸುತ್ತಾರೆ. ಆ ಕಾರ್ಡು ಅಳೆಯುವುದು ದೇಹದ ಊನವನ್ನು; ಈ ಕಾಯ್ದೆ ಕೇಳುವುದು ದುಡಿಮೆಯ ನಷ್ಟವನ್ನು. ಎರಡರ ಅಂಕಿಗಳು ಒಂದೇ ಆಗಿರಬೇಕಿಲ್ಲ. ಕಸುಬನ್ನು ನೋಡಿ ಹೆಚ್ಚು ನಷ್ಟ ಒಪ್ಪಿದ ತೀರ್ಪೂ ಇದೆ: ಎಡಗೈ ಮೊಣಕೈಗಿಂತ ಮೇಲೆ ಕತ್ತರಿಸಿಹೋದ ಬಡಗಿಯೊಬ್ಬರ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಬಡಗಿತನ ಸಾಧ್ಯವಿಲ್ಲವೆಂದು ಅದನ್ನು ಪೂರ್ತಿ ಅಂಗವೈಕಲ್ಯವೆಂದೇ ಸುಪ್ರೀಂ ಕೋರ್ಟು 1975ರಲ್ಲಿ ಎತ್ತಿಹಿಡಿಯಿತು.

ವಯಸ್ಸಿನ ವಿಷಯದಲ್ಲಿ ನಮ್ಮ ಕಡೆಯವರಿಗೆಲ್ಲ ಇರುವ ತೊಡಕು ನನಗೂ ಇತ್ತು. ಆಧಾರದಲ್ಲಿ ಜನವರಿ ಒಂದು, 1985 ಎಂದಿತ್ತು. ಊರಿನ ಸರ್ಕಾರಿ ಕನ್ನಡ ಶಾಲೆಯ ವರ್ಗಾವಣೆ ಪತ್ರದಲ್ಲಿ 1987ರ ಜೂನ್. ಶಾಲೆಯ ದಾಖಲೆಯನ್ನು ತರಿಸಿ ಮರಾಠಿ ಅನುವಾದದೊಂದಿಗೆ ಹಾಜರುಪಡಿಸಿದೆ. 36 ವರ್ಷವೆಂದು ಹಿಡಿದಿದ್ದರೆ ಗುಣಕ 194.64 ಆಗಿ ಮೊತ್ತ 7,700 ರೂಪಾಯಿಯಷ್ಟು ಇಳಿಯುತ್ತಿತ್ತು, ಅಷ್ಟೇ. ಆದ್ದರಿಂದ ವಯಸ್ಸಿನ ಕಾಗದಕ್ಕಾಗಿ ಊರಿಗೆ ಅಲೆದು ಬಸವಳಿಯುವವರಿಗೆ ನಾನು ಹೇಳುವುದಿಷ್ಟು: ಆ ಶ್ರಮವನ್ನು ಪಗಾರ ಸಾಬೀತುಪಡಿಸಲು ಇಟ್ಟುಕೊಳ್ಳಿ.

ಏಕೆಂದರೆ ನಿಜವಾದ ಜಗಳ ಇದ್ದದ್ದು ಪಗಾರದ ಮೇಲೆಯೇ. ನನ್ನ ತಿಂಗಳ ಪಗಾರ 16,500. ಅದರಲ್ಲಿ 9,500 ಬ್ಯಾಂಕಿಗೆ ಬರುತ್ತಿತ್ತು, ಉಳಿದ 7,000 ಪಾಕೀಟಿನಲ್ಲಿ ನಗದು. ಶೇಠರ, ಅಂದರೆ ಮಾಲೀಕರ, ಉತ್ತರದಲ್ಲಿ ಪಗಾರ 9,500 ಮಾತ್ರ ಎಂದಿತ್ತು, ವಿಮಾ ಕಂಪನಿಗೂ ಅವರು ಅಷ್ಟನ್ನೇ ಬರೆದುಕೊಟ್ಟಿದ್ದರು. ಅದನ್ನು ಒಪ್ಪಿದ್ದರೆ ಪರಿಹಾರ 2,04,584ಕ್ಕೆ ಇಳಿಯುತ್ತಿತ್ತು. ಲಕ್ಷದ ಮೇಲೆ ಹದಿನೆಂಟು ಸಾವಿರ ಹೋಗುತ್ತಿತ್ತು. ನನ್ನ ಕೈ ಹಿಡಿದದ್ದು ಖಾಲಿ ಪಾಕೀಟುಗಳು. ಶಾಪಿನ ಲೆಕ್ಕದ ಹುಡುಗ ಪ್ರತಿ ಪಾಕೀಟಿನ ಮೇಲೂ ಪೆನ್ಸಿಲಿನಲ್ಲಿ ನನ್ನ ಹೆಸರು, ಹಾಜರಿ ದಿನ, ಒಟ್ಟು ಪಗಾರ, ಬ್ಯಾಂಕಿಗೆ ಹೋದದ್ದು, ಉಚಲು (ಮುಂಗಡ) ಕಳೆದು ಉಳಿದದ್ದು ಎಂದು ಒಂದರ ಕೆಳಗೊಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದ. ಊರಿಗೆ ಕಳಿಸುವ ಹಣವನ್ನು ಅದೇ ಪಾಕೀಟಿನಲ್ಲಿಟ್ಟು ಬ್ಯಾಂಕಿಗೆ ಹೋಗುವ ರೂಢಿಯಿದ್ದುದರಿಂದ ಅವು ಟ್ರಂಕಿನಲ್ಲಿ ಉಳಿದಿದ್ದವು. ಪಾಕೀಟಿನ ಮೇಲಿನ ಬ್ಯಾಂಕಿನ ಅಂಕಿ ಪಾಸ್‌ಬುಕ್ಕಿನ ಜಮೆಗೆ ತಿಂಗಳು ತಿಂಗಳೂ ತಾಳೆಯಾಯಿತು. ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರು, ಆ ಹೊತ್ತಿಗೆ ಬೇರೆ ಕಡೆ ಸೇರಿದ್ದವರು, ಬಂದು ಸಾಕ್ಷಿ ಹೇಳಿದರು. ಆಯುಕ್ತರು 16,500 ಒಪ್ಪಿ, ಮಿತಿಯಂತೆ 15,000 ಹಿಡಿದರು. ನೇಮಕಾತಿ ಪತ್ರವೇ ಇಲ್ಲದ ಶಾಪುಗಳಲ್ಲಿ ಹಾಜರಿ ಕಾರ್ಡಿನ ಫೋಟೊ, ಫೋನ್‌ಪೇಯಲ್ಲಿ ಬಂದ ಹಣ, ‘ನಾಳೆ ರಾತ್ರಿ ಪಾಳಿಗೆ ಬಾ’ ಎಂಬ ಒಂದು ವಾಟ್ಸ್ಆ್ಯಪ್ ಸಂದೇಶ, ಇವೆಲ್ಲ ಅಲ್ಲಿ ಕೆಲಸಕ್ಕಿದ್ದೆ ಎಂಬುದಕ್ಕೆ ಪುರಾವೆಗಳೇ.

ಪಗಾರದಷ್ಟೇ ತೂಕದ ಇನ್ನೊಂದು ಕಾಗದ ಆಸ್ಪತ್ರೆಯ ಕೇಸ್ ಪೇಪರು. ನನ್ನನ್ನು ಕರೆದೊಯ್ದ ಶಾಪಿನ ಸೂಪರ್‌ವೈಸರ್ ನೋಂದಣಿ ಕಿಟಕಿಯಲ್ಲಿ ‘ಬೈಕಿನ ಚೈನಿಗೆ ಬೆರಳು ಸಿಕ್ಕಿತು’ ಎಂದು ಬರೆಸಿದರು. ಒಳಗೆ ಗಾಯ ತೊಳೆಯುತ್ತಿದ್ದ ವೈದ್ಯರು ಬೆರಳು ಜಜ್ಜಿದ ರೀತಿ ನೋಡಿ ಏನಾಯಿತೆಂದು ನನ್ನನ್ನೇ ಕೇಳಿದಾಗ, ಪ್ರೆಸ್ ಎಂದೆ. ಅವರು ತಮ್ಮ ಟಿಪ್ಪಣಿಯಲ್ಲಿ ಕಾರ್ಖಾನೆಯ ಯಂತ್ರದಿಂದ ಆದ ಗಾಯ ಎಂದು ಬರೆದು ಪೊಲೀಸರಿಗೂ ತಿಳಿಸಿದರು. ಎದುರು ಪಕ್ಷದ ವಕೀಲರು ಮೊದಲ ಕಾಗದವನ್ನು ಹಿಡಿದು ವಾದಿಸಿದಾಗ ಎರಡನೆಯದು ಉತ್ತರವಾಯಿತು. ನೋವಿನಲ್ಲಿ ಇದೆಲ್ಲ ಯಾರಿಗೆ ಹೊಳೆಯುತ್ತದೆ ಎನ್ನಬಹುದು. ಅದಕ್ಕೇ ಜೊತೆಗೆ ಹೋಗುವ ಗೆಳೆಯರಿಗೆ ಈ ಮಾತು ಮೊದಲೇ ಗೊತ್ತಿರಬೇಕು.

ನಲವತ್ತು ಸಾವಿರದ ಮಾತು ಬಂದದ್ದು ಹೊಲಿಗೆ ಬಿಚ್ಚುವ ಮೊದಲೇ. ಐನೂರರ ಛಾಪಾ ಕಾಗದದಲ್ಲಿ, ಇನ್ನು ನನ್ನದೇನೂ ಬೇಡಿಕೆಯಿಲ್ಲ ಎಂದು ಮರಾಠಿಯಲ್ಲಿ ಟೈಪಾಗಿತ್ತು. ಚಾಕಣದ ಆ ಹುಡುಗ ಕಾಗದವನ್ನು ಎರಡು ಸಲ ಓದಿ, “ಅಣ್ಣಾ, ಇದಕ್ಕ ಸೈ ಮಾಡಬ್ಯಾಡ್ರಿ, ವಕೀಲರಿಗೆ ತೋರ್ಸೂಣ,” ಎಂದ. ಹಕ್ಕು ಬಿಟ್ಟುಕೊಡುವ ಇಂಥ ಒಪ್ಪಂದ 17ನೇ ಕಲಮಿನಂತೆ ಊರ್ಜಿತವಲ್ಲ ಎಂದು ನಂತರ ತಿಳಿಯಿತು. ರಾಜಿಯಾಗುವುದು ತಪ್ಪಲ್ಲ, ಆದರೆ ಆ ರಾಜಿಯನ್ನು ಆಯುಕ್ತರ ಬಳಿ ನೋಂದಾಯಿಸಬೇಕು. ಈಗಾಗಲೇ ಸಹಿ ಮಾಡಿ ಹಣ ಪಡೆದವರಿಗೂ ದಾರಿ ಮುಚ್ಚಿಲ್ಲ: ನೋಂದಣಿಗೆ ಕಳಿಸದ ಒಪ್ಪಂದವಾದರೆ ಮಾಲೀಕರು ಪೂರ್ತಿ ಪರಿಹಾರ ಕೊಡಬೇಕಾಗುತ್ತದೆ, ಮತ್ತು ಆಯುಕ್ತರು ಬೇರೆ ಆದೇಶ ಮಾಡದಿದ್ದರೆ ತಾವು ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮುರಿದುಕೊಳ್ಳುವಂತಿಲ್ಲ ಎಂದು 29ನೇ ಕಲಮು ಹೇಳುತ್ತದೆ. ಆಸ್ಪತ್ರೆಯ ಬಿಲ್ಲನ್ನು ಪರಿಹಾರದಲ್ಲಿ ಹಿಡಿಯುತ್ತೇವೆ ಎಂಬ ಮಾತೂ ನಿಲ್ಲಲಿಲ್ಲ. ಚಿಕಿತ್ಸೆಯ ಖರ್ಚು ಪರಿಹಾರದ ಲೆಕ್ಕಕ್ಕೆ ಸೇರುವುದಿಲ್ಲ, ನಾವೇ ಖರ್ಚು ಮಾಡಿದ್ದರೆ ಅದನ್ನು ಮರಳಿ ಪಡೆಯುವ ಹಕ್ಕು 2009ರ ತಿದ್ದುಪಡಿಯಿಂದ ಬಂದಿದೆ. ಗಾಯದಿಂದ ದುಡಿಯಲಾಗದ ಅವಧಿಗೆ ತಿಂಗಳ ಪಗಾರದ ಶೇಕಡಾ 25ನ್ನು ಹದಿನೈದು ದಿನಕ್ಕೊಮ್ಮೆ ಕೊಡಬೇಕು, ಅಂದರೆ ನನ್ನ ಲೆಕ್ಕದಲ್ಲಿ 3,750. ಹೀಗೆ ಬಂದದ್ದನ್ನು ಮಾತ್ರ ಮುಂದೆ ಇಡಿಗಂಟಿನಲ್ಲಿ ಕಳೆಯಬಹುದು.

ಮಾಲೀಕರಿಗೆ ಅಪಘಾತದ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಹೆಸರು, ವಿಳಾಸ, ಅಪಘಾತದ ದಿನ, ಕಾರಣ, ಇಷ್ಟೇ ಅದರಲ್ಲಿದ್ದದ್ದು. ಅರ್ಜಿಗೆ ಅಪಘಾತದಿಂದ ಎರಡು ವರ್ಷದ ಗಡುವು. ಕಾರ್ಖಾನೆಯ ಕಾರ್ಮಿಕನಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇರುವುದರಿಂದ, ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ವಕೀಲರು ಸಿಕ್ಕರು. ಕೈ ಕೆಲಸಕ್ಕೆ ಬಾರದೆ ಊರಿಗೆ ಮರಳಿದವರು ಪುಣೆಗೆ ಓಡಾಡಬೇಕಿಲ್ಲ. ಅಪಘಾತವಾದ ಸ್ಥಳದಲ್ಲಷ್ಟೇ ಅಲ್ಲ, ಕಾರ್ಮಿಕ ವಾಸವಾಗಿರುವ ಊರಿನ ವ್ಯಾಪ್ತಿಯಲ್ಲೂ ಅರ್ಜಿ ಹಾಕಬಹುದು. ಕಲಬುರಗಿಯಲ್ಲಿ ಹಾಕಿದ್ದರೆ ಕನ್ನಡದಲ್ಲೇ ಸಾಕ್ಷಿ ಹೇಳಬಹುದಿತ್ತು, ಆದರೆ ನನ್ನ ಸಾಕ್ಷಿದಾರರು ಇಲ್ಲಿದ್ದುದರಿಂದ ಪುಣೆಯನ್ನೇ ಆರಿಸಿಕೊಂಡೆ.

ವಿಚಾರಣೆಯಲ್ಲಿ ಎದುರಾಳಿಗಳ ಮುಖ್ಯ ವಾದ, ತಪ್ಪು ನನ್ನದೇ ಎಂಬುದಾಗಿತ್ತು. ನಮ್ಮದು ಕಾಲಿನ ಪೆಡಲಿನ ಹಳೆಯ ಪ್ರೆಸ್. ಲೋಹದ ಪಟ್ಟಿಯನ್ನು ಕೈಯಿಂದಲೇ ಡೈ (ಅಚ್ಚು) ಒಳಗೆ ಇಟ್ಟು, ಕೈ ಹೊರತೆಗೆದು, ಪೆಡಲು ತುಳಿಯಬೇಕು. ಒತ್ತಿದ ತುಂಡನ್ನು ತೆಗೆಯಲು ಮತ್ತೆ ಕೈ ಹಾಕಬೇಕು. ಕ್ಲಚ್ಚಿನ ಪಿನ್ನು ಸವೆದಿದ್ದರೆ ಪೆಡಲು ತುಳಿಯದೆಯೇ ಪ್ರೆಸ್ ಇನ್ನೊಮ್ಮೆ ಇಳಿಯುತ್ತದೆ, ಶಾಪಿನವರು ಅದನ್ನು ‘ಡಬಲ್ ಹೊಡೆಯಿತು’ ಎನ್ನುತ್ತಾರೆ. ನನಗಾದದ್ದು ಅದೇ. ಕೈಯನ್ನು ಕಾಯುವ ತಡೆ, ಅಂದರೆ ಗಾರ್ಡ್, ಪ್ರೆಸ್ಸಿಗೆ ಇರಲೇ ಇಲ್ಲ. ಕುಡಿದಿದ್ದರೆ, ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದಿದ್ದರೆ, ಗಾರ್ಡನ್ನು ಬೇಕೆಂದೇ ತೆಗೆದಿದ್ದರೆ ಮಾತ್ರ ಮಾಲೀಕರ ಹೊಣೆ ತಪ್ಪುತ್ತದೆ. ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯವಾದಾಗ ಈ ನೆಪಗಳೂ ನಡೆಯುವುದಿಲ್ಲ. ಬರೀ ಅಜಾಗರೂಕತೆ ಎಂಬ ಆಪಾದನೆ ಈ ಕಾಯ್ದೆಯಲ್ಲಿ ಉತ್ತರವೇ ಅಲ್ಲ. ಹೀಗಿದ್ದೂ ಅದನ್ನೇ ಬಹಳ ಹೊತ್ತು ವಾದಿಸಿದರು.

ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆಯಲ್ಲಿದ್ದರೂ ನನ್ನದು ಬಹಳ ಹೆಚ್ಚು ಹಿಡಿಯಿತು. ಆದರೆ ತಡ ಪುಕ್ಕಟೆಯಲ್ಲ. ಪರಿಹಾರ ಸಲ್ಲಬೇಕಾಗುವುದು ಅಪಘಾತದ ದಿನದಿಂದಲೇ. ತಿಂಗಳೊಳಗೆ ಕೊಡದಿದ್ದರೆ ಶೇಕಡಾ 12ರ ಬಡ್ಡಿ ಸೇರುತ್ತದೆ, ನನ್ನ ಮೊತ್ತಕ್ಕೆ ವರ್ಷಕ್ಕೆ 38,760 ರೂಪಾಯಿಯಷ್ಟು. ಸಮರ್ಥನೆಯಿಲ್ಲದ ತಡವಾದರೆ ಮೊತ್ತದ ಅರ್ಧದವರೆಗೆ ದಂಡವನ್ನೂ ಹಾಕಬಹುದು.

2025ರ ನವೆಂಬರ್ 21ರಿಂದ 1923ರ ಮತ್ತು 1948ರ ಈ ಎರಡೂ ಕಾಯ್ದೆಗಳ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದ್ದು, ಈಚಿನ ಅಪಘಾತಗಳಿಗೆ ಕಲಮುಗಳ ಸಂಖ್ಯೆ ಬದಲಾಗಿದೆ. ಪಗಾರ, ವಯಸ್ಸು, ಶೇಕಡಾವಾರು ಎಂಬ ಚೌಕಟ್ಟು ಅಲ್ಲಿಯೂ ಹಾಗೆಯೇ ಇದೆ; ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಾದ ಅಪಘಾತವೂ, ಅದಕ್ಕೂ ಕೆಲಸಕ್ಕೂ ಸಂಬಂಧ ತೋರಿಸಿದರೆ, ಲೆಕ್ಕಕ್ಕೆ ಬರುತ್ತದೆ.

ನನ್ನ ಪ್ರಕರಣದಲ್ಲಿ ಮೂಲ ಮೊತ್ತ ಮತ್ತು ಬಡ್ಡಿಯನ್ನು ವಿಮಾ ಕಂಪನಿ ಆಯುಕ್ತರ ಬಳಿ ಠೇವಣಿ ಇಟ್ಟಿತು, ಅಲ್ಲಿಂದ ಹಣ ನನ್ನ ಖಾತೆಗೆ ಬಂತು. ದಂಡ ಮಾತ್ರ ವಿಮೆಗೆ ಸೇರುವುದಿಲ್ಲ. ಅದನ್ನು ಶೇಠರು ತಮ್ಮ ಕೈಯಿಂದಲೇ, ಎರಡು ಕಂತಿನಲ್ಲಿ ಕಟ್ಟಿದರು.